ಒಳಗಿನಿಂದ ಮೂರು ತಟ್ಟು

ಮೇ 3, ಶನಿವಾರ

ಇಂದು ಬೆಳಿಗ್ಗೆ ಹತ್ತೂಕಾಲಿಗೆ ಟೋಸ್ಟರ್ ನನ್ನ ಅಂಗಳಕ್ಕೆ ದಯಮಾಡಿಸಿತು. ರಾಣಿಯ ಸವಾರಿಯಂತೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಚಕ್ರದಲ್ಲಿ ಗಾಳಿಯಿರಲಿಲ್ಲ. ಬಾಗಿಲನ್ನು ಹುಲ್ಲಿನ ಪೆಂಡಿ ಕಟ್ಟುವ ಹುರಿಯಿಂದ ಬಿಗಿದಿತ್ತು. ನೆತ್ತಿಯ ಮೇಲೊಂದು ಗಿಡ ಬೆಳೆದಿತ್ತು. ಗಿಡ ಮಾತ್ರ ನನಗಿಂತ ಆರೋಗ್ಯವಾಗಿತ್ತು.

ಟೋಸ್ಟರ್ ಎಂದರೆ ಅಪ್ಪ 1961ರಲ್ಲಿ ಕೊಂಡ ಟ್ರೇಲರ್. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಅಲ್ಯುಮಿನಿಯಂ ಮನೆ. ಬಿಸಿಲಿಗೆ ನಿಲ್ಲಿಸಿದರೆ ಒಳಗಿದ್ದವರು ಎರಡೂ ಮಗ್ಗುಲು ಹದವಾಗಿ ಕೆಂಪಗಾಗುತ್ತಿದ್ದರಿಂದ ಅಮ್ಮ ಇಟ್ಟ ಹೆಸರು ಅದು. ಅಪ್ಪ ಹೋದ ಮೇಲೆ ಮೂವತ್ತು ವರ್ಷ ಅದು ನನ್ನ ಚಿಕ್ಕಪ್ಪನ ಮಗ ಲೊವೆಲ್‌ನ ಕೊಟ್ಟಿಗೆಯ ಹಿಂದೆ ಬಿದ್ದಿತ್ತು. ಈ ವಸಂತದಲ್ಲಿ ಲೊವೆಲ್‌ಗೆ ಅದರೊಳಗೆ ತನ್ನ ಇಪ್ಪತ್ತಾರು ಕೋಳಿಗಳಿಗೆ ಸಂಸಾರ ಹೂಡಿಕೊಡುವ ಆಲೋಚನೆ ಬಂತು. ಯಾವ ಕೋಳಿ ಎಲ್ಲಿ ಮೊಟ್ಟೆಯಿಡಬೇಕೆಂದು ಕಾಗದದ ಮೇಲೆ ನಕ್ಷೆ ಕೂಡ ಬರೆದಿದ್ದ. ನಾನು ಅಡ್ಡ ಬಂದೆ.

"ಜುಲೈ ಐದಕ್ಕೆ ಚೇನಿ ಕೆರೆ ಹತ್ರ ನಮ್ಮ ಮನೆತನದ ಕೂಟ ಇದೆಯಲ್ಲ, ಅಲ್ಲಿಗೆ ಇದನ್ನ ಎಳ್ಕೊಂಡು ಬಾ," ಎಂದ. "ಒಂದು ಹನಿ ಸೋರದಿದ್ರೆ ನಿಂದು. ಸೋರಿದ್ರೆ ನನ್ನ ಕೋಳಿಗಳದ್ದು."

"ಕೋಳಿಗಳ ಮೇಲೆ ಸೋರಿದ್ರೆ ಪರವಾಗಿಲ್ವಾ?"

"ಅವು ನಿನ್ನಷ್ಟು ದೂರು ಹೇಳಲ್ಲ ಗ್ಲೆನ್ನಿಸ್."

ಮಧ್ಯಾಹ್ನ ಏಣಿ ಹತ್ತಿ ಎಣಿಸಿದೆ. ತಗಡಿಗೆ ತಗಡು ಜೋಡಿಸುವ ರಿವೆಟ್‌ಗಳಲ್ಲಿ ಸಡಿಲವಾದವು, ತಲೆ ಹಾರಿದವು, ಹೇಳದೆ ಕೇಳದೆ ಮನೆ ಬಿಟ್ಟು ಹೋದವು ಎಲ್ಲ ಸೇರಿ ಇನ್ನೂರ ಹದಿನಾಲ್ಕು. ಶಾಲೆಯ ಅಡಿಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದಿನಾ ನಾನೂರು ಮಕ್ಕಳಿಗೆ ಉಣ್ಣಿಸಿದವಳು ನಾನು. ರಿವೆಟ್‌ಗಳು ತಟ್ಟೆ ಎಸೆಯುವುದಿಲ್ಲ. ಇವು ಯಾವ ಲೆಕ್ಕ!

ಕನ್ಸಾಸಿನ ವಿಚಿಟಾ ನಗರದ ವಿಮಾನ ಕಾರ್ಖಾನೆಗಳಿಗೆ ಅರ್ಧ ಗಂಟೆಯ ದಾರಿಯಲ್ಲಿರುವ ನಮ್ಮ ನ್ಯೂಟನ್ನಿನಲ್ಲಿ ಕಲ್ಲೆಸೆದರೆ ರಿವೆಟ್ ಬಲ್ಲವರ ತಲೆಗೇ ತಾಗುತ್ತದೆ. ಅವರಲ್ಲಿ ಮೂವತ್ತಮೂರು ವರ್ಷ ಅದೇ ಕೆಲಸ ಮಾಡಿದ ಶ್ರೀಮತಿ ವೆಲ್ಡಾ ಕೋಹ್ನ್ ಅವರೂ ಒಬ್ಬರು. ಸಂಬಂಧದಲ್ಲಿ ನನಗೆ ಒಡಹುಟ್ಟಿದ ಅಕ್ಕನಾಗಬೇಕು. ಅವರ ಸಹಾಯ ನನಗೆ ಬೇಡ. ಒಂಬತ್ತು ವರ್ಷದಿಂದ ಬೇಡವಾಗಿದೆ, ಇನ್ನು ಒಂಬತ್ತು ವಾರ ಯಾವ ದೊಡ್ಡದು?

ಮೇ 7, ಬುಧವಾರ

ಓರಿನ್ ಅವರ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಉಕ್ಕಿನ ರಿವೆಟ್ ಒಂದು ಡಬ್ಬ ಆರಿಸಿಕೊಂಡೆ. ಗಟ್ಟಿಯಾದದ್ದೇ ಒಳ್ಳೆಯದಲ್ಲವೆ? ಓರಿನ್ ಡಬ್ಬವನ್ನು ನನ್ನ ಕೈಯಿಂದ ಮೆಲ್ಲಗೆ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ, ತೆಗೆದುಕೊಂಡರು.

"ಉಕ್ಕನ್ನೂ ಅಲ್ಯುಮಿನಿಯಮ್ಮನ್ನೂ ಒತ್ತೊತ್ತಿಗೆ ಇಟ್ಟು ನೀರು ಬೀಳೋಕೆ ಬಿಟ್ರೆ ಒಂದನ್ನೊಂದು ತಿಂದು ಹಾಕ್ತವೆ ಗ್ಲೆನ್ನಿಸ್. ನಿಮ್ಮ ಮನೆತನದ ಕೂಟದ ಹಾಗೆ."

"ಹಾಗಾದ್ರೆ ಅಲ್ಯುಮಿನಿಯಂದೇ ಕೊಡಿ."

"ಅದ್ರಲ್ಲಿ ಎರಡು ಜಾತಿ. ಪಾಪ್ ರಿವೆಟ್ಟು ಅಂತ ಬರುತ್ತೆ, ನಡುವೆ ಟೊಳ್ಳು. ಹೊರಗಿಂದ ತೂರಿಸಿ ಇಕ್ಕಳದಲ್ಲಿ ಎಳೆದ್ರೆ ಪಟ್ ಅಂತ ಕೂರುತ್ತೆ. ಒಬ್ರೇ ಹೊಡೀಬಹುದು. ಇನ್ನೊಂದು ಗಟ್ಟಿ ರಿವೆಟ್ಟು, ನಿಮ್ಮ ಟ್ರೇಲರ್‌ಗೆ ಮೊದ್ಲಿಂದ ಇರೋದು ಅದೇ. ಅದಕ್ಕೆ ಇಬ್ರು ಬೇಕು. ಹೊರಗೆ ಒಬ್ರು ಗಾಳಿ ಒತ್ತಡದ ಗನ್ನಲ್ಲಿ ಹೊಡೀಬೇಕು, ಒಳಗೆ ಒಬ್ರು ಉಕ್ಕಿನ ಗಟ್ಟಿ ಒತ್ತಿ ಹಿಡೀಬೇಕು. ಆಗ ಬಾಲ ಚಪ್ಪಟೆ ಆಗಿ ಕಚ್ಕೊಳ್ಳುತ್ತೆ. ನಿಮ್ಮನೇಲಿ ಯಾರಿದ್ದಾರೆ?"

"ಬೆಕ್ಕಿದೆ."

ಓರಿನ್ ತುಸು ಹೊತ್ತು ಬೆಕ್ಕಿನ ಬಗ್ಗೆ ಯೋಚಿಸಿದರು. ಆಮೇಲೆ ಒಂದು ಹೆಸರು ಹೇಳಲು ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡರು.

ಪಾಪ್ ರಿವೆಟ್ ತಂದೆ. ಒಂಟಿ ಬಾಳುವವರ ಮೇಲೆ ಕನಿಕರವಿಟ್ಟ ಯಾವನೋ ಪುಣ್ಯಾತ್ಮ ಕಂಡುಹಿಡಿದಿರಬೇಕು.

ಮೇ 12, ಸೋಮವಾರ

ತೊಂಬತ್ತಾರು! ಎರಡು ದಿನದಲ್ಲಿ ತೊಂಬತ್ತಾರು ರಿವೆಟ್! ಇಬ್ಬರು ಬೇಕಂತೆ, ಉಕ್ಕು ಬೇಕಂತೆ. ಮೂವತ್ತಮೂರು ವರ್ಷ ಕಾರ್ಖಾನೆಯಲ್ಲಿ ಜನ ಏನು ಮಾಡುತ್ತಿದ್ದರು ಎಂಬುದನ್ನು ಯಾರಾದರೂ ವಿಚಾರಿಸಬೇಕು. ನನ್ನ ಕಡೆಯಿಂದ ನನಗೇ ಅಭಿನಂದನೆ. ರಾತ್ರಿ ಊಟಕ್ಕೆ ಪೀಚ್ ಹಣ್ಣಿನ ಪೈ, ಅಷ್ಟನ್ನೂ ನಾನೊಬ್ಬಳೇ ತಿಂದೆ.

ಮೇ 13, ಮಂಗಳವಾರ

ಪೈಪಿನಲ್ಲಿ ನೀರು ಬಿಟ್ಟು ನೋಡಿದೆ. ಸೋರಿತು.

ಮೇ 14, ಬುಧವಾರ

ನಿನ್ನೆ ಹೆಚ್ಚು ಬರೆಯುವ ಮನಸ್ಸಿರಲಿಲ್ಲ. ಹೊಸದಾಗಿ ಹೊಡೆದ ಸಾಲುಗಳಲ್ಲೇ ಹತ್ತೊಂಬತ್ತು ಕಡೆ ಸೋರಿತು. ಟೊಳ್ಳು ರಿವೆಟ್ಟಿನ ನಡುವಿನ ತೂತಿನಿಂದಲೇ ನೀರು ಒಳಗೆ ಬಂತು; ಬಾಗಿಲಿಗೆ ಚಿಲಕ ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ನಾನು ಟೋಸ್ಟರಿನೊಳಗೆ ಛತ್ರಿ ಹಿಡಿದು ಕೂತು ಸ್ಯಾಂಡ್‌ವಿಚ್ ತಿಂದೆ. ಬೆಕ್ಕು ಬರಲು ಒಪ್ಪಲಿಲ್ಲ.

ಮೇ 18, ಭಾನುವಾರ

ಇಗರ್ಜಿಯ ಅಂಗಳದಲ್ಲಿ ಲೊವೆಲ್ ಸಿಕ್ಕಿದ. ಟ್ರೇಲರಿನ ಬಾಗಿಲಿನ ಅಗಲ ಎಷ್ಟು ಎಂದು ಕೇಳಿದ. ಕೋಳಿಗಳಿಗೆ ಏಣಿ ಮಾಡಿಸಬೇಕಂತೆ.

"ಆ ಟ್ರೇಲರ್‌ಗೆ ಮದ್ವೆ ಮಾಡ್ತಿದೀಯೋ, ಮಣ್ಣು ಮಾಡ್ತಿದೀಯೋ?" ಎಂದ. ನಾಲ್ಕು ಜನ ನಕ್ಕರು. ಐದನೆಯವಳು, ಪಾದ್ರಿಯ ಹೆಂಡತಿ, ನಗದೆ ಹೇಳಿದಳು: "ನಿಮ್ಮ ಅಕ್ಕನ್ನ ಯಾಕೆ ಕೇಳಬಾರದು?"

ಅಕ್ಕನ್ನ ಯಾಕೆ ಕೇಳಬಾರದು! ಬರೆದೇ ಬಿಡುತ್ತೇನೆ, ಈ ಪುಸ್ತಕವನ್ನು ಓದುವವರು ಯಾರೂ ಇಲ್ಲ.

ಒಂಬತ್ತು ವರ್ಷದ ಹಿಂದೆ ಅಮ್ಮ ತೀರಿಕೊಂಡ ವಾರ ಶ್ರೀಮತಿ ಕೋಹ್ನ್ ನನ್ನ ಮನೆಗೆ ನೀಲಿ ಹೂವಿನ ಬಿಳಿ ಪಾತ್ರೆಯಲ್ಲಿ ನೂಡಲ್ಸ್ ಮಾಡಿ ತಂದರು. ಪಾತ್ರೆಯ ತಳಕ್ಕೆ, ಎಲ್ಲರೂ ಮಾಡುವಂತೆ, ಅಂಟುಪಟ್ಟಿಯ ಮೇಲೆ ಹೆಸರು: ವಿ. ಕೋಹ್ನ್. ಎರಡು ವಾರ ಬಿಟ್ಟು ನಾನು ಅದನ್ನು ತೊಳೆದು ಅವರ ಮೆಟ್ಟಿಲ ಮೇಲಿಟ್ಟು ಬಂದೆ. ಖಾಲಿ. ನಮ್ಮ ಕಡೆ ತುಂಬಿ ಬಂದ ಪಾತ್ರೆಯನ್ನು ಯಾರೂ ಖಾಲಿ ಹಿಂತಿರುಗಿಸುವುದಿಲ್ಲ. ನಾಲ್ಕು ಬನ್ನು, ಒಂದು ಬಾಟಲಿ ಜಾಮು, ಏನೂ ಇಲ್ಲದಿದ್ದರೆ ಆರು ಮೊಟ್ಟೆ. ಮಾರನೆಯ ದಿನ ಪಾತ್ರೆ ನನ್ನ ಮೆಟ್ಟಿಲ ಮೇಲೆ ಬಂದು ಕೂತಿತ್ತು. ಖಾಲಿ. ಮುಚ್ಚಳದ ಮೇಲೆ ಚೀಟಿ: "ನಿನಗೇ ಇರಲಿ."

ಅಷ್ಟೇ. ಅಂದಿನಿಂದ ಮಾತಿಲ್ಲ. ನನ್ನ ಗಂಡ ಹ್ಯಾರಿಸ್ ತೀರಿಕೊಂಡಾಗ ಬಂದರು, ಕೊನೆಯ ಬೆಂಚಿನಲ್ಲಿ ಕೂತರು, ಹೋದರು. ಕೈಯಲ್ಲಿ ಪಾತ್ರೆಯಿರಲಿಲ್ಲ. ಸಾವಿನ ಮನೆಗೆ ಬರಿಗೈಯಲ್ಲಿ ಬರುವುದೆಂದರೆ ನಮ್ಮ ಕೌಂಟಿಯಲ್ಲಿ ಯುದ್ಧ ಸಾರಿದ ಹಾಗೆ.

ಖಾಲಿ ಯಾಕಿತ್ತು ಎಂಬುದಕ್ಕೆ ಕಾರಣವಿದೆ. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ಮೇ 24, ಶನಿವಾರ

ಬೆಳಿಗ್ಗೆ ಬಿಯರಾಕ್ ಮಾಡಿದೆ. ಎಲೆಕೋಸು, ಈರುಳ್ಳಿ, ಮಾಂಸ ಹುರಿದು ಹಿಟ್ಟಿನೊಳಗೆ ತುಂಬಿ ಬೇಯಿಸುವ ಅಮ್ಮನ ಬನ್ನು. ಸುಮ್ಮನೆ ಮಾಡಿದೆ, ಯಾರಿಗೂ ಎಂದಲ್ಲ. ಒಬ್ಬಳಿಗೆ ಹನ್ನೆರಡು ಹೆಚ್ಚಾಯಿತು. ಮನೆಯಲ್ಲಿ ಬೇರೆ ಪಾತ್ರೆಯೆಲ್ಲ ತೊಳೆಯದೆ ಬಿದ್ದಿದ್ದರಿಂದ ಹಾಕಲು ಆ ನೀಲಿ ಹೂವಿನದೇ ಸಿಕ್ಕಿತು. ಕಾರಿಗೆ ಪೆಟ್ರೋಲು ಹಾಕಿಸಲು ಹೊರಟವಳು ದಾರಿ ತಪ್ಪಿ ಕೋಹ್ನ್ ಅವರ ಮನೆಯ ಮುಂದೆ ನಿಂತೆ.

ಬಾಗಿಲು ತೆರೆದರು. ಕೂದಲು ಪೂರ್ತಿ ಬಿಳಿಯಾಗಿದೆ. ನನ್ನನ್ನು ನೋಡಿದರು, ಪಾತ್ರೆಯನ್ನು ನೋಡಿದರು, ಕೈಗೆ ತೆಗೆದುಕೊಂಡು ಎತ್ತಿ ಅಡಿಯ ಅಂಟುಪಟ್ಟಿಯನ್ನು ನೋಡಿದರು.

"ಅಪ್ಪನ ಟ್ರೇಲರ್ ಸೋರ್ತಿದೆ," ಎಂದೆ.

"ಯಾವ ರಿವೆಟ್ಟು ಹಾಕಿದೆ?"

"ಪಾಪ್."

ಬಾಗಿಲು ಹಾಕಿಕೊಂಡರು. ಪಾತ್ರೆ ಒಳಗೆ ಹೋಯಿತು ಎಂಬುದನ್ನು ದಾಖಲಿಸುತ್ತೇನೆ.

ಮೇ 27, ಮಂಗಳವಾರ

ಏನೂ ಇಲ್ಲ.

ಮೇ 28, ಬುಧವಾರ

ಬೆಳಿಗ್ಗೆ ಮೆಟ್ಟಿಲ ಮೇಲೆ ನೀಲಿ ಹೂವಿನ ಪಾತ್ರೆ. ಖಾಲಿ ಬಂದಿದೆ ಎಂದು ಒದೆಯಲು ಕಾಲೆತ್ತಿದೆ. ದೇವರು ದೊಡ್ಡವನು, ಒದೆಯಲಿಲ್ಲ. ಒದ್ದಿದ್ದರೆ ಕಾಲ್ಬೆರಳು ಮುರಿಯುತ್ತಿತ್ತು. ಪಾತ್ರೆಯ ಅಂಚಿನವರೆಗೆ ರಿವೆಟ್. ಬೆಳ್ಳಿಯ ಬಟಾಣಿಯ ಹಾಗೆ ಹೊಳೆಯುವ, ಒಂದೇ ಅಳತೆಯ, ಗಟ್ಟಿ ಅಲ್ಯುಮಿನಿಯಂ ರಿವೆಟ್. ಮೇಲೊಂದು ಚೀಟಿ:

"ಇಂಚಿನ ಎಂಟನೇ ಒಂದು ಭಾಗ ದಪ್ಪ, ಕಾಲು ಇಂಚು ಉದ್ದ. ನಿನ್ನ ಪಾಪ್‌ಗಳನ್ನೆಲ್ಲ ಮೊದಲು ಕೀಳು. ತೂತು ದೊಡ್ಡದು ಮಾಡಬೇಡ. ಮಂಗಳವಾರ ಏಳಕ್ಕೆ. ಬಿಯರಾಕ್‌ಗೆ ಮೆಣಸು ಕಡಿಮೆ."

ಮೆಣಸು ಕಡಿಮೆಯಿರಲಿಲ್ಲ.

ಉದ್ದದ ಲೆಕ್ಕ ಹೇಗೆ ಬಂತು ಎಂದು ಓರಿನ್ ಅವರನ್ನು ಕೇಳಿದೆ. ಎರಡು ತಗಡಿನ ದಪ್ಪ, ಅದಕ್ಕೆ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು ಕೂಡಿಸಬೇಕಂತೆ. ಕಡಿಮೆಯಾದರೆ ಕಚ್ಚುವುದಿಲ್ಲ, ಹೆಚ್ಚಾದರೆ ಬಾಲ ಮಡಚಿಕೊಂಡು ಮಲಗುತ್ತದೆ. ಉಪ್ಪಿನ ಹಾಗೆ. ಇದನ್ನು ಮೊದಲೇ ಹೀಗೆ ಹೇಳಿದ್ದರೆ ನನಗೆ ಅರ್ಥವಾಗುತ್ತಿರಲಿಲ್ಲವೆ? ಆದರೆ ನನ್ನ ತಗಡಿನ ದಪ್ಪ ಶ್ರೀಮತಿ ಕೋಹ್ನ್ ಅವರಿಗೆ ಹೇಗೆ ಗೊತ್ತು? ಅರವತ್ತು ವರ್ಷದ ಹಿಂದೆ ಅದರೊಳಗೆ ಮಲಗಿದ್ದವರಿಗೆ ದಪ್ಪ ನೆನಪಿರುತ್ತದೆಯೆ?

ಜೂನ್ 3, ಮಂಗಳವಾರ

ಏಳಕ್ಕೆ ಎಂದರೆ ಆರೂ ಐವತ್ತಕ್ಕೆ ಬಂದರು. ಬಗಲಲ್ಲಿ ಬುತ್ತಿಪೆಟ್ಟಿಗೆ, ಕುತ್ತಿಗೆಯಲ್ಲಿ ಕಿವಿಮುಚ್ಚುಗ, ಕೈಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಉಕ್ಕಿನ ಗಟ್ಟಿ. ಮುಷ್ಟಿಯಷ್ಟೇ ದೊಡ್ಡದು, ಕೈ ಸವೆಸಿ ಸವೆಸಿ ಕನ್ನಡಿಯಾಗಿದೆ.

"ಗನ್ ಯಾರದು?"

"ಓರಿನ್‌ದು."

"ಗಾಳಿ ಎಷ್ಟಿಟ್ಟಿದೀಯಾ?"

"ಫುಲ್."

"ಇಳ್ಸು. ಅದು ರಿವೆಟ್ಟು, ಹಾವಲ್ಲ." ಒಳಗೆ ಹೊರಟವರು ನಿಂತರು. "ನಾನು ಒಳಗಿಂದ ಒಂದು ತಟ್ಟಿದ್ರೆ ಇನ್ನೂ ಸ್ವಲ್ಪ ಹೊಡಿ. ಎರಡು ತಟ್ಟಿದ್ರೆ ಸರಿಯಿದೆ, ಮುಂದಿಂದಕ್ಕೆ ಹೋಗು. ಮೂರು ತಟ್ಟಿದ್ರೆ ಕೆಟ್ಟಿದೆ, ಕೊರೆದು ತೆಗಿ."

"ಬಾಯಲ್ಲಿ ಹೇಳಿದ್ರೆ ಆಗಲ್ವಾ?"

"ಕಾರ್ಖಾನೆ ಗದ್ದಲದಲ್ಲಿ ಬಾಯಿ ಯಾರಿಗೆ ಕೇಳ್ತಿತ್ತು? ಎಲ್ರೂ ಹೀಗೇ ತಟ್ತಿದ್ವಿ. ನಿನ್ ಜೊತೆ ಇದೇ ವಾಸಿ."

ಒಂಬತ್ತು ವರ್ಷ ಮಾತು ಬಿಟ್ಟವರಿಗೆ ನಡುವೆ ಒಂದು ತಗಡಿನ ಗೋಡೆಯಿದ್ದರೆ ತುಂಬಾ ಅನುಕೂಲ. ನಾನು ಹೊರಗೆ, ಅವರು ಒಳಗೆ. ತೂತಿಗೆ ರಿವೆಟ್ ತೂರಿಸಿ, ಗನ್ನನ್ನು ನೆಟ್ಟಗೆ ಹಿಡಿದು, ಒಳಗಿನಿಂದ ಉಕ್ಕು ತಾಗಿದ್ದು ಕೈಗೆ ಗೊತ್ತಾದ ಮೇಲೆ ಗುಂಡಿ ಒತ್ತಬೇಕು. ಬ್ರ್ರ್ರ್. ಆಮೇಲೆ ಕಾಯಬೇಕು.

ಟಕ್, ಟಕ್, ಟಕ್.

ಕೊರೆದು ತೆಗೆದೆ. ಇನ್ನೊಂದು. ಟಕ್, ಟಕ್, ಟಕ್. ಗನ್ ಓರೆಯಾದರೆ ರಿವೆಟ್ಟಿನ ಪಕ್ಕದಲ್ಲಿ ತಗಡಿನ ಮೇಲೆ ಅರ್ಧಚಂದ್ರ ಮೂಡುತ್ತದೆ. ಅದಕ್ಕೆ ಅವರು 'ನಗು' ಎನ್ನುತ್ತಾರೆ. ಇಂದು ಟೋಸ್ಟರ್ ನನ್ನನ್ನು ನೋಡಿ ಏಳು ಸಲ ನಕ್ಕಿತು. ಒಟ್ಟು ಹೊಡೆದದ್ದು ಇಪ್ಪತ್ತು, ಕೊರೆಯದೆ ಉಳಿದದ್ದು ಒಂಬತ್ತು. ಹೋಗುವಾಗ ಹೇಳಿದರು: "ಮೊದಲ ದಿನ ನಾನು ನಾಲ್ಕು ಉಳಿಸಿದ್ದೆ."

ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಏನೋ. ಓರಿನ್ ಅವರನ್ನು ಕೇಳಬೇಕು.

ಜೂನ್ 9, ಸೋಮವಾರ

ಇಂದು ಮೂವತ್ತೆರಡು, ಕೆಟ್ಟದ್ದು ಆರು. ವೆಲ್ಡಾಗೆ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಮಧ್ಯಾಹ್ನ ಊಟಕ್ಕೆ ಕೂತಾಗ ಗೊತ್ತಾಯಿತು. ಇಗರ್ಜಿಯಲ್ಲಿ ಎರಡು ವರ್ಷದ ಹಿಂದೆ ನಾನು ಹಿಂದಿನಿಂದ ಒಂದು ಸಲ "ವೆಲ್ಡಾ" ಎಂದು ಕರೆದಿದ್ದೆ. ತಿರುಗಿ ನೋಡಿರಲಿಲ್ಲ. ಅಂದು ಈ ಪುಸ್ತಕದಲ್ಲಿ ಎರಡು ಪುಟ ಬೈದಿದ್ದೇನೆ. ಯಾವ ಮಗ್ಗುಲಲ್ಲಿ ನಿಂತು ಕರೆದಿದ್ದೆ ಎಂದು ಈಗ ನೆನಪು ಮಾಡಿಕೊಂಡೆ. ಬಲಗಡೆ.

ಒಳಗಿನ ಹಲಗೆ ಬಿಚ್ಚಿದಾಗ ನಮ್ಮ ಎರಡು ಮಂಚಗಳ ಗುರುತು ಗೋಡೆಯ ಮೇಲೆ ಹಾಗೇ ಇತ್ತು. ಮೇಲಿನದು ಅವಳದು, ಕೆಳಗಿನದು ನನ್ನದು. ಗುಡುಗಿದಾಗ ಮೇಲಿನಿಂದ ಅವಳು ತಗಡಿಗೆ ಎರಡು ಸಲ ತಟ್ಟುತ್ತಿದ್ದಳು. ಅಪ್ಪನೂ ಕಾರ್ಖಾನೆಯವನೇ, ಅವನಿಂದ ಕಲಿತದ್ದಿರಬೇಕು. ಎರಡು ತಟ್ಟು ಕೇಳಿದರೆ ನಾನು ಮಲಗುತ್ತಿದ್ದೆ. ಆಗ ಅದರ ಅರ್ಥ ಗೊತ್ತಿರಲಿಲ್ಲ, ಆದರೂ ಕೆಲಸ ಮಾಡುತ್ತಿತ್ತು.

"ನಿಂಗೆ ನೆನಪಿದೆಯಾ?" ಎಂದು ಕೇಳಿದೆ, ಎಡಗಡೆ ನಿಂತು.

"ನೀನು ಗೊರಕೆ ಹೊಡೀತಿದ್ದಿದ್ದು ನೆನಪಿದೆ," ಎಂದಳು.

ಜೂನ್ 16, ಸೋಮವಾರ

ನಲವತ್ತೊಂದು. ಮೂರು ತಟ್ಟು ಒಂದೂ ಇಲ್ಲ! ಅಕ್ಕ ಊಟಕ್ಕೆ ಸೌತೆಕಾಯಿಯ ಉಪ್ಪಿನಕಾಯಿ ತಂದಿದ್ದಳು. ನೂರಕ್ಕೆ ತೊಂಬತ್ತು ಭಾಗ ನಾನೇ ತಿಂದೆ.

ಜೂನ್ 21, ಶನಿವಾರ

ಹನ್ನೊಂದು ಉಳಿದಿತ್ತು. ಮುಂದಿನ ಕಿಟಕಿಯ ಮೇಲಿನ ಸಾಲು. ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಟೋಸ್ಟರ್ ತನ್ನ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಿತ್ತು.

ಹತ್ತು ರಿವೆಟ್ ಆಯಿತು. ಕೊನೆಯದನ್ನು ತೂತಿಗೆ ತೂರಿಸಿದೆ. ಒಳಗಿನಿಂದ ಉಕ್ಕು ತಾಗಲಿಲ್ಲ. ಕಾದೆ. ಆಗ ತಗಡಿನ ಆಚೆಯಿಂದ ದನಿ ಬಂತು.

"ಗ್ಲೆನ್ನಿಸ್. ಖಾಲಿ ಯಾಕೆ ಕೊಟ್ಟೆ?"

ಎದುರಿಗೆ ನಿಂತು ಕೇಳಿದ್ದರೆ ಏನಾದರೂ ಕೊಂಕು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ, ಆ ವಿದ್ಯೆಯಲ್ಲಿ ನನಗೆ ಸರಿಸಮ ಇಲ್ಲ. ಆದರೆ ತಗಡಿಗೆ ಮುಖವಿಲ್ಲವಲ್ಲ. ಕೇಳಿಸಲಿ ಎಂದು ಜೋರಾಗಿಯೇ ಹೇಳಬೇಕಾಯಿತು. ಪಕ್ಕದ ಮನೆಯವರೂ ಕೇಳಿರಬಹುದು.

"ಅಮ್ಮ ಹೋದ್ಮೇಲೆ ನಾಲ್ಕು ತಿಂಗ್ಳು ನಂಗೆ ಒಲೆ ಹಚ್ಚೋಕೆ ಆಗ್ಲಿಲ್ಲ ಕಣೇ! ಶಾಲೆಗೆ ರಜೆ ಹಾಕಿದ್ದೆ. ಹ್ಯಾರಿಸ್ಸೂ ನಾನೂ ಕಾರ್ನ್‌ಫ್ಲೇಕ್ಸ್ ತಿಂದ್ವಿ. ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದ್ರೆ ಅಮ್ಮನ ವಾಸನೆ. ನಾನೂರು ಜನಕ್ಕೆ ಬೇಯಿಸೋಳು ನಿಂಗೆ ನಾಲ್ಕು ಬನ್ನು ಮಾಡೋಕೆ ಆಗ್ಲಿಲ್ಲ ಅಂತ ಹೇಗೆ ಹೇಳೋದು? ಪಾತ್ರೆ ತೊಳೆದು ತಂದಿಟ್ಟೆನಲ್ಲ, ಅವತ್ತು ನಂಗೆ ಅಷ್ಟೇ ಆಗಿದ್ದು."

ಕೇಳಿಸಿತೋ ಇಲ್ಲವೋ. ಗನ್ನಿಗೆ ಗಾಳಿ ತುಂಬುವ ಕಂಪ್ರೆಸರ್ ಒಂದು ಸಲ ಗುರುಗುಟ್ಟಿ ಸುಮ್ಮನಾಯಿತು. ಆಮೇಲೆ ರಿವೆಟ್ಟಿನ ಹಿಂದೆ ಉಕ್ಕು ಬಂದು ಒತ್ತಿ ನಿಂತಿತು. ಗುಂಡಿ ಒತ್ತಿದೆ. ಕಣ್ಣಿಗೆ ಬೆವರು ಇಳಿದಿತ್ತು, ಗನ್ ಓರೆಯಾದದ್ದು ಕೈಗೇ ಗೊತ್ತಾಯಿತು.

ಟಕ್, ಟಕ್. ಸ್ವಲ್ಪ ತಡೆದು, ಟಕ್.

ಕೊರೆಯಲು ಡ್ರಿಲ್ ತೆಗೆದುಕೊಂಡೆ. ಅಕ್ಕ ಹೊರಗೆ ಬಂದಳು. ಅವಳ ಕಣ್ಣಿಗೂ ಬೆವರು ಇಳಿದಿತ್ತು.

"ಇರ್ಲಿ ಬಿಡು ಅದು," ಎಂದಳು. ಮೂವತ್ತಮೂರು ವರ್ಷದಲ್ಲಿ ಒಂದೇ ಒಂದು ಕೆಟ್ಟ ರಿವೆಟ್ಟನ್ನು ಇರಗೊಡದ ಹೆಂಗಸು. "ಹ್ಯಾರಿಸ್ ಹೋದಾಗ ನಾನೂ ನೂಡಲ್ಸ್ ಮಾಡಿದ್ದೆ. ಕಾರಲ್ಲೇ ಇತ್ತು. ಒಳಗೆ ತರೋಕೆ ಆಗ್ಲಿಲ್ಲ."

ಇಬ್ಬರೂ ಟೋಸ್ಟರಿನ ನೆರಳಿನಲ್ಲಿ ಕೂತು ತಣ್ಣನೆಯ ಚಹಾ ಕುಡಿದೆವು. ವಿಶೇಷವೇನೂ ಮಾತಾಡಲಿಲ್ಲ. ಹವಾಮಾನ, ಮೊಣಕಾಲು, ಲೊವೆಲ್.

ಜೂನ್ 28, ಶನಿವಾರ

ಒಂದು ಗಂಟೆ ನೀರು ಬಿಟ್ಟೆವು. ಒಣ! ಬೆಕ್ಕು ಒಳಗೆ ಹೋಗಿ ಮಲಗಿತು, ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಆದರೆ ಅಕ್ಕ ಕಿಟಕಿಯ ಮೇಲಿನ ಆ ಒಂದನ್ನು ಬಹಳ ಹೊತ್ತು ನೋಡಿದಳು. ಒಳಮೈಯಲ್ಲಿ ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ ಬರೆದಳು.

"ಈಗ್ಲೇ ಕಿತ್ತು ಹಾಕೋಣ್ವಾ?" ಎಂದೆ.

"ಗನ್ನು ಓರಿನ್‌ಗೆ ವಾಪಸ್ ಹೋಯ್ತಲ್ಲ. ಕೂಟ ಮುಗೀಲಿ. ಗಾಳಿ ಇಲ್ದಿದ್ರೆ ಏನೂ ಆಗಲ್ಲ."

ಗಾಳಿಗೇ ಹೆಸರಾದ ಕನ್ಸಾಸಿನಲ್ಲಿ, ಗಾಳಿ ಇಲ್ಲದಿದ್ದರೆ!

ಲೊವೆಲ್ ಫೋನು ಮಾಡಿ ಹೊಸ ಷರತ್ತು ಸೇರಿಸಿದ. ಒಳಗಿನ ಹಲಗೆ ಹಾಕಕೂಡದಂತೆ, ತಗಡು ಬೆತ್ತಲೆಯಾಗಿಯೇ ಕಾಣಬೇಕಂತೆ. ಕೋಳಿಗಳ ಪರವಾಗಿ ಕೇಳುತ್ತಿದ್ದಾನಂತೆ.

ಜುಲೈ 5, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಇತಿಹಾಸಕ್ಕೆ ಬೇಕಾಗಬಹುದು.

ಹನ್ನೊಂದಕ್ಕೆ ಚೇನಿ ಕೆರೆಗೆ ತಲುಪಿದೆವು. ಅಕ್ಕನ ಪಿಕಪ್ಪಿನ ಹಿಂದೆ ಟೋಸ್ಟರ್, ಉಜ್ಜಿ ಉಜ್ಜಿ ಎಷ್ಟು ಹೊಳೆಯುತ್ತಿತ್ತೆಂದರೆ ಲೊವೆಲ್ ಅದರಲ್ಲಿ ತನ್ನ ಮುಖ ನೋಡಿಕೊಂಡು ಟೋಪಿ ಸರಿಮಾಡಿಕೊಂಡ. ನಾವಿಬ್ಬರೂ ಒಂದೇ ಗಾಡಿಯಿಂದ ಇಳಿಯುವುದನ್ನು ನೋಡಿ ಅವನ ಹೆಂಡತಿಯ ಕೈಯಿಂದ ಜೋಳದ ತೆನೆ ಬಿತ್ತು. ನೀಲಿ ಹೂವಿನ ಪಾತ್ರೆಯಲ್ಲಿ ಅಕ್ಕ ಆಲೂಗಡ್ಡೆ ಸಲಾಡ್ ತಂದಿದ್ದಳು. ಎರಡು ಗಂಟೆಗೆ ಪಾತ್ರೆ ಬರಿದಾಯಿತು.

ಮೂರಕ್ಕೆ ಪಶ್ಚಿಮ ಕಪ್ಪಾಯಿತು. ಮೊದಲು ಗಾಳಿ, ಆಮೇಲೆ ಅಡ್ಡಡ್ಡಲಾಗಿ ಮಳೆ. ಹದಿನಾಲ್ಕು ಜನ ಟೋಸ್ಟರಿನೊಳಗೆ ನುಗ್ಗಿದರು. ಲೊವೆಲ್ ಮೊದಲೇ ಟಾರ್ಚ್ ತಂದಿದ್ದ. ಹಿಂದಿನ ಮೂಲೆಯಿಂದ ಒಂದೊಂದೇ ಸಾಲಿಗೆ ಬೆಳಕು ಬಿಡುತ್ತಾ, ವೈದ್ಯನ ಹಾಗೆ "ಹೂಂ... ಹೂಂ..." ಎನ್ನುತ್ತಾ ಮುಂದೆ ಬಂದ.

ನಾನು ಕಿಟಕಿಯ ಕಡೆ ನೋಡಿದೆ. ಅಕ್ಕ ಆಗಲೇ ಅದರ ಕೆಳಗೆ ಬೆಂಚಿನ ಮೇಲೆ ಕೂತಿದ್ದಳು. ಬಲಗೈಯನ್ನು ಮೇಲೆತ್ತಿ, ಸೋಮಾರಿಯಾಗಿ ಗೋಡೆಗೆ ಆನಿಸಿದ ಹಾಗೆ ಇಟ್ಟಿದ್ದಳು. ಹೆಬ್ಬೆರಳು ಪೆನ್ಸಿಲಿನ ಸೊನ್ನೆಯ ಮೇಲಿತ್ತು.

"ಯಾಕೆ ವೆಲ್ಡಾ, ಹೀಗೆ ಕೈ ಎತ್ಕೊಂಡು ಕೂತಿದೀಯಾ? ಏನಾದ್ರೂ ಪ್ರಶ್ನೆ ಇದೆಯಾ?" ಎಂದ ಲೊವೆಲ್.

"ಭುಜ ಹಿಡ್ಕೊಂಡಿದೆ ಕಣೋ. ಮೂವತ್ಮೂರು ವರ್ಷ ಉಕ್ಕು ಹಿಡಿದ ಭುಜ. ಕೋಳಿ ಹಿಡಿದೋರಿಗೆ ಹೇಗೆ ಗೊತ್ತಾಗ್ಬೇಕು?"

ಎಲ್ಲರೂ ನಕ್ಕರು. ಅಕ್ಕ ಅವನ ಕೋಳಿಗಳ ಯೋಗಕ್ಷೇಮ ವಿಚಾರಿಸತೊಡಗಿದಳು. ಯಾವುದು ಎಷ್ಟು ಮೊಟ್ಟೆಯಿಡುತ್ತದೆ, ಯಾವುದಕ್ಕೆ ಪುಕ್ಕ ಉದುರುತ್ತಿದೆ. ಲೊವೆಲ್‌ಗೆ ಕೋಳಿಯ ಮಾತು ಹಚ್ಚಿದರೆ ಮುಗಿಯುವುದಿಲ್ಲ. ಇಪ್ಪತ್ತು ನಿಮಿಷ. ಮೂವತ್ತು. ನೀರು ಹೆಬ್ಬೆರಳಿನಿಂದ ಮುಂಗೈಗೆ, ಮುಂಗೈಯಿಂದ ಅಂಗಿಯ ತೋಳಿನೊಳಗೆ ಇಳಿಯುವುದು ನನಗೆ ಮಾತ್ರ ಕಾಣುತ್ತಿತ್ತು. ಮೊಣಕೈಯ ತುದಿಯಲ್ಲಿ ಒಂದು ಹನಿ ಕೂಡಿಕೊಂಡಿತು. ನಾನು ಬರಿದಾದ ನೀಲಿ ಹೂವಿನ ಪಾತ್ರೆಯನ್ನು ತೆಗೆದುಕೊಂಡು, ಸುಮ್ಮನೆ ಎತ್ತಿಡುವವಳ ಹಾಗೆ, ಅವಳ ಮಡಿಲಲ್ಲಿಟ್ಟೆ. ಟಪ್.

ಅಕ್ಕ ನನ್ನ ಮುಖ ನೋಡಲಿಲ್ಲ. ಎಡಗೈಯ ಗೆಣ್ಣಿನಿಂದ ಬೆಂಚಿನ ಅಂಚಿಗೆ ತಟ್ಟಿದಳು. ಮೂರು ಸಲ. ಈ ಸಲ ತಡೆಯಿಲ್ಲದೆ.

ಗೊತ್ತು ಮಾರಾಯ್ತಿ, ಗೊತ್ತು.

ಮಳೆ ನಿಂತಿತು. ಲೊವೆಲ್ ನೆಲದ ಮೇಲೆ ಮಂಡಿಯೂರಿ, ಬರಿಗೈಯಿಂದ ಇಂಚಿಂಚೂ ಸವರಿ ನೋಡಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಒರೆಸಲು ಏನೂ ಇರಲಿಲ್ಲ.

"ಒಂದು ಹನಿ ಇಲ್ಲ," ಎಂದ. ಅವನ ಮುಖ ಸಣ್ಣಗಾಗಿತ್ತು.

"ಬೇಜಾರು ಮಾಡ್ಕೋಬೇಡ್ವೋ," ಎಂದಳು ಅಕ್ಕ. "ನಿನ್ನ ಕೋಳಿಗಳಿಗೆ ನಾವಿಬ್ರೂ ಸೇರಿ ತಗಡಿನ ಗೂಡು ಮಾಡಿಕೊಡ್ತೀವಿ. ಗ್ಲೆನ್ನಿಸ್ ಹತ್ರ ಪಾಪ್ ರಿವೆಟ್ಟು ಬೇಕಾದಷ್ಟು ಮಿಕ್ಕಿದೆ."

ಇದು ಮೋಸವೇ ಎಂದು ಮನಸ್ಸಾಕ್ಷಿಯನ್ನು ವಿಚಾರಿಸಿಕೊಂಡೆ. ಟ್ರೇಲರಿನ ನೆಲಕ್ಕೆ ಒಂದು ಹನಿ ಬಿದ್ದಿಲ್ಲ. ಟ್ರೇಲರ್ ಸೋರಬಾರದು ಎಂದು ಷರತ್ತಿತ್ತು. ಅಕ್ಕನ ತೋಳು ಸೋರಬಾರದು ಎಂದಿರಲಿಲ್ಲ.

ಜುಲೈ 7, ಸೋಮವಾರ

ಬೆಳಿಗ್ಗೆ ಓರಿನ್ ಅವರಿಂದ ಗನ್ ಮತ್ತೆ ತಂದೆ. ಆ ರಿವೆಟ್ಟನ್ನು ಕೊರೆದು ತೆಗೆದೆ. ಹೊಸದು ತೂರಿಸಿದೆ. ಒಳಗಿನಿಂದ ಉಕ್ಕು ಬಂದು ತಾಗಿತು. ನೆಟ್ಟಗೆ ಹಿಡಿದೆ, ಒತ್ತಿದೆ, ಕಾದೆ.

ಟಕ್, ಟಕ್.

ಸೆಪ್ಟೆಂಬರಿನಲ್ಲಿ ಟೋಸ್ಟರ್ ಕಟ್ಟಿಕೊಂಡು ಕೊಲರಾಡೋ ಬೆಟ್ಟಗಳಿಗೆ ಹೋಗುವುದೆಂದು ಆಯಿತು. ಮೇಲಿನ ಮಂಚ ಯಾರಿಗೆ ಎಂಬ ವಿಷಯದಲ್ಲಿ ಮಾತುಕತೆ ಮುರಿದುಬಿದ್ದಿದೆ. ಇಬ್ಬರ ಮೊಣಕಾಲೂ ಒಪ್ಪುತ್ತಿಲ್ಲ.

ಅಕ್ಕ ಹೊರಟು ಹೋದ ಮೇಲೆ ನೋಡಿದರೆ ನೀಲಿ ಹೂವಿನ ಪಾತ್ರೆ ನನ್ನ ಅಡಿಗೆಮನೆಯಲ್ಲೇ ಉಳಿದಿತ್ತು. ತೊಳೆದೆ, ಒರೆಸಿದೆ. ಖಾಲಿ ಕಳಿಸುವಂತಿಲ್ಲವಲ್ಲ. ಕಿತ್ತ ರಿವೆಟ್ಟನ್ನು, ಓರೆ ಬಾಲದ ಆ ಒಂದೇ ಒಂದನ್ನು, ಅದರೊಳಗೆ ಹಾಕಿ ಮುಚ್ಚಳ ಮುಚ್ಚಿ ಅಂಟುಪಟ್ಟಿ ಸುತ್ತಿದೆ. ಗೂಡಿನ ಅಳತೆ ಕೊಡಲು ಬಂದಿದ್ದ ಲೊವೆಲ್ ಆ ದಾರಿಯಲ್ಲೇ ಹೋಗುವವನಿದ್ದ. ಅವನ ಕೈಯಲ್ಲೇ ಕೊಟ್ಟು ಕಳಿಸಿದೆ. ಸಾಕ್ಷ್ಯವನ್ನು ನ್ಯಾಯಾಧೀಶನೇ ಹೊತ್ತುಕೊಂಡು ಹೋದ.

"ಏನೇ ಇದ್ರಲ್ಲಿ? ಒಳ್ಳೇ ಕಡಲೆಕಾಳಿನ ಹಾಗೆ ಉರುಳ್ತಿದೆ," ಎಂದ ಹೊರಡುವಾಗ.

"ಅಕ್ಕನಿಗೆ ಇಷ್ಟವಾದದ್ದು," ಎಂದೆ.

ಅರ್ಧ ಗಂಟೆಗೆ ಫೋನು ಬಂತು. ಎತ್ತಿದೆ. ಹಲೋ ಇಲ್ಲ, ಏನೂ ಇಲ್ಲ. ರಿಸೀವರಿನ ಮೇಲೆ ಬೆರಳಿನ ಗೆಣ್ಣು: ಟಕ್, ಟಕ್, ಟಕ್. ಇಟ್ಟುಬಿಟ್ಟಳು.

ಬಿಯರಾಕ್‌ಗೆ ಹಿಟ್ಟು ಕಲಸಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಈ ಸಲ ಮೆಣಸು ತುಸು ಹೆಚ್ಚಿಗೆ ಹಾಕಿದ್ದೇನೆ.